ವಾಹನದ ಮಲಶೋಧನೆಯನ್ನು ಕುರಿತೊಂದು ಸಂವಾದ

ಬೈಂದೂರಿಗೂ ಕುಂದಾಪುರಕ್ಕೂ ನಡುವೆ ಹೆದ್ದಾರಿಯ ಎರಡು ಮಗ್ಗುಲಿಗೂ ಚಾಚಿಕೊಂಡಿರುವ ಕಿರಿಮಂಜೇಶ್ವರದ ಪರಿಸರದಲ್ಲಿ, ಹೋಟೆಲು ವ್ಯಾಪಾರಕ್ಕೆಂದು ಬೊಂಬಾಯಿಗೋ ಬೆಂಗಳೂರಿಗೋ ಹೋಗಿ ನೆಲಸಿದವರ ಮನೆಗಳು ಅನೇಕವುಂಟು. ಆ ಮನೆಗಳ ಅಂಗಳದ ಒಂದು ಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ವರ್ಷದ ಬಹುಭಾಗವನ್ನು ನಿಶ್ಚಲವಾಗಿ ಕಳೆಯುವ ಕಾರೊಂದು ನಿಂತಿರುವುದೂ ಅಪೂರ್ವವೇನಲ್ಲ. ಕೊಂಡವನು ಪರಸ್ಥಳದಲ್ಲಿ, ಕಾರು ಊರಿನಲ್ಲಿ. ಊರಿನಲ್ಲಿ ಉಳಿದಿರುವ ವೃದ್ಧ ತಂದೆತಾಯಿಗಳಿಗೆ ಅದರಿಂದಾಗುವ ಉಪಯೋಗವಾದರೋ ನಾವುಂದದ ಪೇಟೆಗೊಮ್ಮೆ, ಉಪ್ಪುಂದದ ಮದುವೆಮನೆಗೊಮ್ಮೆ ಹೋಗಿಬರುವಷ್ಟೆ. ಕೆಳಗಿನ ಸಂಭಾಷಣೆ ಅಂಥ ಕಾರೊಂದರ ನಿಮಿತ್ತದಿಂದ ಹುಟ್ಟಿದುದು. ಮಾತನಾಡಿದವರಲ್ಲಿ ಒಬ್ಬರು ಹೈಸ್ಕೂಲಿನಲ್ಲಿ ಕನ್ನಡ ಬೋಧಿಸಿ ನಿವೃತ್ತರಾದ ಮಾಸ್ಟರು. ಇನ್ನೊಬ್ಬರು ಹೆದ್ದಾರಿಯ ಬದಿಯಲ್ಲಿ ಬಹುಕಾಲದಿಂದ ಗ್ಯಾರೇಜು ನಡೆಸುತ್ತಿರುವ ಯಂತ್ರಜ್ಞರು. ಅವರು ಆಡಿದುದು ಅಪ್ಪಟ ಕುಂದಗನ್ನಡ. ಅದನ್ನು ಗ್ರಂಥಸ್ಥ ರೂಪಕ್ಕೆ ತರುವಾಗ ಕೆಲವು ಬೈಗುಳಗಳು ಲುಪ್ತವಾಗಿವೆ, ಅದಕ್ಕಾಗಿ ವಾಚಕರು ವ್ಯಥೆಪಡಬೇಕಾದುದಿಲ್ಲ.

ಮಾಸ್ಟರು: ಮಾರಾಯರೇ, ಬೆಂಗಳೂರಿನಲ್ಲಿರುವ ಮಗ ಎರಡು ಬಾಟ್ಲಿಗಳನ್ನು ಕಳುಹಿಸಿದ್ದಾನೆ. ಒಂದನ್ನು ಎಂಜಿನ್ ಆಯಿಲಿಗೆ ಹೊಯ್ಯಬೇಕಂತೆ, ಇನ್ನೊಂದನ್ನು ಪೆಟ್ರೋಲ್ ಟ್ಯಾಂಕಿಗೆ. ಮೊದಲನೆಯದು ಸವೆತವನ್ನು ನಿವಾರಿಸುವುದೆಂದೂ, ಎರಡನೆಯದು ಇಂಧನ ಹರಿಯುವ ಮಾರ್ಗವನ್ನೆಲ್ಲ ಶೋಧಿಸಿ ಮೈಲೇಜನ್ನು ವೃದ್ಧಿಸುವುದೆಂದೂ ಅವುಗಳ ಮೈಮೇಲೆ ಬರೆದಿದೆ. ಬರೆದುದನ್ನೆಲ್ಲ ನಂಬುವ ವಯಸ್ಸು ನನ್ನದಲ್ಲ; ನಂಬದೆ ಇರುವುದಕ್ಕೆ ಬೇಕಾದ ವಿದ್ಯೆಯೂ ನನ್ನಲ್ಲಿಲ್ಲ. ಆದುದರಿಂದ ಸೀಲು ಒಡೆಯುವುದಕ್ಕೆ ಮುನ್ನ ನಿಮ್ಮಲ್ಲಿಗೆ ಬಂದೆ.

ಯಂತ್ರಜ್ಞ: ಬಾಟ್ಲಿಯ ವಿಚಾರ ಆಮೇಲೆ. ಆಯಿಲ್ ಬದಲಾಯಿಸಿ ಎಷ್ಟು ಕಾಲವಾಯಿತು, ಮಾಸ್ಟ್ರೇ?

ಮಾಸ್ಟರು: ಕಳೆದ ವರ್ಷದ ಶಿವರಾತ್ರಿಗೂ ಮೊದಲೆಂದು ನೆನಪು. ಆದರೆ ಅಲ್ಲಿಂದೀಚೆಗೆ ಓಡಿದುದು ಏನೇನೂ ಇಲ್ಲ. 10,000 ಕಿಲೋಮೀಟರಿಗೆ ಬದಲಾಯಿಸತಕ್ಕದ್ದೆಂದು ಕಂಪೆನಿಯ ಪುಸ್ತಕದಲ್ಲಿರುವುದನ್ನು ನಾನೇ ಓದಿದ್ದೇನೆ.

ಯಂತ್ರಜ್ಞ: ಆ ವಾಕ್ಯದ ಉತ್ತರಾರ್ಧವನ್ನು ಬಹಳ ಮಂದಿ ಓದುವುದಿಲ್ಲ. 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲು ಬರುವುದೋ ಅದು ಎಂದು ಅಲ್ಲಿ ಇದ್ದೇ ಇರುತ್ತದೆ. ಬಾನೆಟ್ ತೆರೆಯಿರಿ, ನೋಡೋಣ.

(ಯಂತ್ರಜ್ಞರು ಡಿಪ್‌ಸ್ಟಿಕ್ಕನ್ನು ಎಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೊಮ್ಮೆ ಇಳಿಸಿ ತೆಗೆದು, ತುದಿಗೆ ಹತ್ತಿದ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡಿದರು. ಅನಂತರ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳವನ್ನು ತಿರುಗಿಸಿ ತೆಗೆದು, ಅದರ ಒಳಮೈಯನ್ನು ಮಾಸ್ಟರ ಕಡೆಗೆ ಹಿಡಿದರು. ಮಾಸಲು ಹಳದಿ ಬಣ್ಣದ, ನೊರೆ ಗಟ್ಟಿಯಾದಂತಿದ್ದ ಲೇಪವೊಂದು ಅಲ್ಲಿ ಹತ್ತಿಕೊಂಡಿತ್ತು. ಉಗುರಿನಿಂದ ಕೆರೆದಾಗ ಸುಲಿದು ಬಂತು.)

ಮಾಸ್ಟರು: ಇದೇನು? ಹಳೆಯ ಎಣ್ಣೆ ಕಪ್ಪಗಿರಬೇಕಲ್ಲವೆ?

ಯಂತ್ರಜ್ಞ: ಇದು ನೀರು. ಎಣ್ಣೆಯೂ ನೀರೂ ಕೂಡಿ ಕಡೆದುಹೋದರೆ ಹೀಗಾಗುತ್ತದೆ. ಹೆಡ್ಡಿನ ಗ್ಯಾಸ್ಕೆಟ್ ಹೋಗಿ ಕೂಲಂಟ್ ಒಳಗೆ ಇಳಿದಿದ್ದರೂ ಇದೇ ಲಕ್ಷಣ ತೋರುವುದರಿಂದ, ಗಾಬರಿಪಡುವುದಕ್ಕೆ ಮೊದಲು ಕೂಲಂಟಿನ ಮಟ್ಟವನ್ನು ನೋಡಬೇಕು. ನಿಮ್ಮದರಲ್ಲಿ ಅದು ಇಳಿದಿಲ್ಲ; ಡಿಪ್‌ಸ್ಟಿಕ್ಕಿನ ಎಣ್ಣೆಯಲ್ಲಿಯೂ ಬಿಳಿ ಛಾಯೆಯಿಲ್ಲ. ಆದುದರಿಂದ ಇದು ಎಂಜಿನ್ನಿನಲ್ಲಿಯೇ ಹುಟ್ಟಿದ ನೀರು.

ಮಾಸ್ಟರು: ಎಂಜಿನ್ನಿನಲ್ಲಿ ಬೆಂಕಿ ಹುಟ್ಟುವುದು ಗೊತ್ತು. ನೀರು ಹುಟ್ಟುವುದೆಂದರೆ?

ಯಂತ್ರಜ್ಞ: ಪೆಟ್ರೋಲಿನಲ್ಲಿರುವ ಜಲಜನಕ ಉರಿದಾಗ ನೀರಾಗದೆ ಮತ್ತೇನಾದೀತು? ಒಂದು ಲೀಟರು ಪೆಟ್ರೋಲ್ ಉರಿದರೆ ಹೆಚ್ಚುಕಡಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರಿನ ದಾರಿಯಿಂದ ಹೊರಟುಹೋಗುತ್ತದೆ. ಸ್ವಲ್ಪ ಪಾಲು, ಉರಿಯದೆ ಉಳಿದ ಪೆಟ್ರೋಲಿನ ಹನಿಗಳೊಡನೆಯೂ ಮಸಿಯೊಡನೆಯೂ, ಪಿಸ್ಟನ್ನಿನ ರಿಂಗುಗಳ ಸಂದಿನಿಂದ ನುಸುಳಿ ಕೆಳಗೆ ಎಣ್ಣೆಯಿರುವ ಕೋಣೆಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆಯಾದರೂ ಓಡಿದರೆ ಆ ನೀರೂ ಪೆಟ್ರೋಲೂ ಮತ್ತೆ ಆವಿಯಾಗಿ ಹೋಗುವುವು. ನೀವಾದರೋ ಮನೆಯಿಂದ ನಾವುಂದಕ್ಕೆ ಹೋಗಿ, ಎಣ್ಣೆ ಕಾಯುವುದಕ್ಕೆ ಮೊದಲೇ ಎಂಜಿನ್ ನಿಲ್ಲಿಸಿ, ತರಕಾರಿ ಕೊಂಡು, ಅಷ್ಟೇ ದೂರ ಹಿಂದಿರುಗಿ, ಮುಂದಿನ ವಾರದವರೆಗೆ ಕಾರನ್ನು ಮಾಡಿನ ಕೆಳಗೆ ಕಟ್ಟಿಹಾಕುತ್ತೀರಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಕರಾವಳಿಯ ಹವೆಯಲ್ಲಿ ಒಳಗಿನ ತೇವ ಆರುವುದೆಂತು? ಬೆಂಗಳೂರಿಗೂ ಊರಿಗೂ ತಿಂಗಳಿಗೆರಡು ಸಲ ಓಡಾಡುವ ಕಾರು 15,000 ಕಿಲೋಮೀಟರು ಮುಗಿಸಿ ನನ್ನಲ್ಲಿಗೆ ಬಂದರೂ ಅದರ ಎಣ್ಣೆ ನಿಮ್ಮ ಕಾರಿನ ಎಣ್ಣೆಗಿಂತ ಮೇಲಾಗಿರುತ್ತದೆ. ಓಡಿ ಹಾಳಾದ ಎಂಜಿನ್ನುಗಳಿಗಿಂತ ನಿಂತು ಹಾಳಾದ ಎಂಜಿನ್ನುಗಳನ್ನೇ ಈ ಊರಿನಲ್ಲಿ ನಾನು ಹೆಚ್ಚಾಗಿ ಬಿಚ್ಚಿದ್ದೇನೆ.

ಮಾಸ್ಟರು: ಹಾಗಿದ್ದ ಮೇಲೆ ಈ ಬಾಟ್ಲಿ ನನ್ನಂಥವರಿಗೇ ಹೇಳಿ ಮಾಡಿಸಿದುದಾಯಿತು. ಎಣ್ಣೆ ಕೆಟ್ಟಿದೆ, ಮದ್ದು ಹೊಯ್ದರೆ ಸರಿಹೋಗುವುದು.

ಯಂತ್ರಜ್ಞ: ಕೆಟ್ಟ ಎಣ್ಣೆಗೆ ಇರುವ ಮದ್ದು ಹೊಸ ಎಣ್ಣೆಯೊಂದೇ. ಡಬ್ಬಿಯಲ್ಲಿ ಬರುವ ಎಂಜಿನ್ ಆಯಿಲ್ ಬರಿಯ ಎಣ್ಣೆಯೆಂದು ನೀವು ತಿಳಿದಂತೆ ತೋರುತ್ತದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯವರು ಎಣ್ಣೆಗಳನ್ನು ಎಸ್‌ಎ, ಎಸ್‌ಬಿ ಎಂದು ಕ್ರಮವಾಗಿ ವರ್ಗೀಕರಿಸಿದ್ದಾರೆ. 2010ರಲ್ಲಿ ಎಸ್‌ಎನ್ ಬಂತು, 2020ರಲ್ಲಿ ಎಸ್‌ಪಿ ಬಂತು. ಈ ಪಟ್ಟಿಯ ಮೊದಲಲ್ಲಿರುವ ಎಸ್‌ಎ ಎಂಬುದು ಅಡಿಟಿವ್ ಏನೊಂದೂ ಇಲ್ಲದ ಬರಿಯ ಎಣ್ಣೆ. ಅದು 1930ರಿಂದ ಈಚಿನ ಬಹುತೇಕ ಪೆಟ್ರೋಲ್ ಎಂಜಿನ್ನುಗಳಿಗೆ ಯೋಗ್ಯವಲ್ಲವೆಂದು ಅವರೇ ಎಚ್ಚರಿಸಿದ್ದಾರೆ. ಎಂದರೆ, ನಮ್ಮ ಅಜ್ಜಂದಿರ ಕಾಲದ ಕಾರುಗಳಿಗೇ ಮದ್ದು ಬೆರೆಸದ ಎಣ್ಣೆ ಸಲ್ಲದು. ಮಸಿ ಅಂಟದಂತೆ ತೊಳೆಯುವ ಡಿಟರ್ಜೆಂಟ್, ತೊಳೆದ ಮಸಿ ಒಂದಕ್ಕೊಂದು ಕೂಡಿ ಗಟ್ಟಿಯಾಗದಂತೆ ಬಿಡಿಬಿಡಿಯಾಗಿ ತೇಲಿಸಿ ಹಿಡಿಯುವ ಇನ್ನೊಂದು ದ್ರವ್ಯ, ಎಣ್ಣೆ ಹುಳಿಯಾಗದಂತೆ ತಡೆಯುವುದೊಂದು, ನೊರೆಯೇಳದಂತೆ ತಡೆಯುವುದೊಂದು, ಚಳಿಯಲ್ಲಿ ಹರಿಯುವಂತೆಯೂ ಶಾಖದಲ್ಲಿ ನೀರಾಗದಂತೆಯೂ ನೋಡಿಕೊಳ್ಳುವುದೊಂದು, ಲೋಹಕ್ಕೆ ಲೋಹ ತಾಗಿ ಸವೆಯದಂತೆ ನಡುವೆ ಪೊರೆ ಕಟ್ಟುವ ಜಿಂಕಿನ ಸಂಯುಕ್ತವೊಂದು. ಇವೆಲ್ಲವೂ ನೀವು ಕೊಡುವ ಹಣದಲ್ಲಿ ಈಗಾಗಲೇ ಸೇರಿವೆ.

ಮಾಸ್ಟರು: ಎಣ್ಣೆ ಬೇಗ ಕಪ್ಪಾಯಿತೆಂದು ನಾನು ಒಮ್ಮೆ ಅಂಗಡಿಯವನೊಡನೆ ಜಗಳಾಡಿದ್ದೆ.

ಯಂತ್ರಜ್ಞ: ಕಪ್ಪಾಗುವುದು ಅದು ದುಡಿಯುತ್ತಿರುವುದರ ಕುರುಹು. ಮಸಿ ಲೋಹದ ಮೇಲೆ ಕೂರದೆ ಎಣ್ಣೆಯ ಹೊಟ್ಟೆಗೆ ಹೋಯಿತೆಂದು ಅರ್ಥ.

ಮಾಸ್ಟರು: ಹಾಗೆನ್ನಿ! ನಮ್ಮೂರಿನ ದೇವರು ಅಗಸ್ತ್ಯೇಶ್ವರ. ಬ್ರಾಹ್ಮಣರ ಉದರವನ್ನು ಹೊಕ್ಕು, ಅಣ್ಣನು ಕೂಗಿದೊಡನೆ ಅವರನ್ನು ಸೀಳಿಕೊಂಡು ಹೊರಬರುತ್ತಿದ್ದ ವಾತಾಪಿಯೆಂಬ ರಾಕ್ಷಸನನ್ನು, ಅಗಸ್ತ್ಯ ಮಹರ್ಷಿಗಳು ಉಂಡು, ಹೊಟ್ಟೆಯನ್ನೊಮ್ಮೆ ನೀವಿಕೊಂಡು, ಅಲ್ಲಿಯೇ ಜೀರ್ಣಿಸಿಬಿಟ್ಟರಷ್ಟೆ. ಎಂಜಿನ್ ಆಯಿಲಿನದೂ ಅದೇ ವ್ರತವೆಂದಾಯಿತು.

ಯಂತ್ರಜ್ಞ: ಅಗಸ್ತ್ಯರು ಉಂಡದ್ದು ಒಬ್ಬ ವಾತಾಪಿಯನ್ನು. ಇಲ್ಲಿ ನಿಮಿಷಕ್ಕೆ ಸಾವಿರ ಸಲ ಬೆಂಕಿ ಹೊತ್ತಿ, ಹೊತ್ತಿದಾಗಲೆಲ್ಲ ಒಬ್ಬೊಬ್ಬ ವಾತಾಪಿ ಹುಟ್ಟುತ್ತಾನೆ. ನಿಮ್ಮ ಸಣ್ಣ ಕಾರಿನಲ್ಲಿ ಎಣ್ಣೆಯಿರುವುದು ಸುಮಾರು ಮೂರು ಲೀಟರು. ಅದರಲ್ಲಿ ಬೆರೆಸಿರುವ ದ್ರವ್ಯಗಳು ದಿನದಿನವೂ ವ್ಯಯವಾಗುತ್ತಿರುತ್ತವೆ. ಮುಗಿದ ಮೇಲೆ ಮಸಿಯೂ ನೀರೂ ಆಮ್ಲವೂ ಕೂಡಿ ಕರಿಯ ರಾಡಿಯಾಗಿ ಮೂಲೆಮೂಲೆಗಳಲ್ಲಿ ನಿಲ್ಲುತ್ತವೆ.

ಮಾಸ್ಟರು: ಮುಗಿಯುವ ದ್ರವ್ಯವನ್ನೇ ಬಾಟ್ಲಿಯಿಂದ ಮತ್ತೆ ತುಂಬಿದರೆ ತಪ್ಪೇನು? ವಾದಕ್ಕಾಗಿ ಕೇಳುತ್ತಿದ್ದೇನೆ.

ಯಂತ್ರಜ್ಞ: ಎಣ್ಣೆಯಲ್ಲಿ ಸೇರಿಹೋದ ನೀರು, ಪೆಟ್ರೋಲು, ಆಮ್ಲ, ಲೋಹದ ಪುಡಿ ಇವಾವುವೂ ಬಾಟ್ಲಿಯಿಂದ ಹೊರಗೆ ಬರುವುದಿಲ್ಲ, ಅವು ಹೊರಬೀಳಬೇಕಾದರೆ ಎಣ್ಣೆಯಿರುವ ಕೋಣೆಯ, ಎಂದರೆ ಚೇಂಬರಿನ, ಬೋಲ್ಟು ಬಿಚ್ಚಿ ಎಣ್ಣೆಯನ್ನೇ ಇಳಿಸಬೇಕು. ಅದಂತಿರಲಿ, ದೊಡ್ಡ ತೊಡಕು ಬೇರೊಂದುಂಟು. ಆ ದ್ರವ್ಯಗಳೆಲ್ಲ ಒಂದೇ ಲೋಹದ ಮೈಗಾಗಿ ಪರಸ್ಪರ ಸ್ಪರ್ಧಿಸುತ್ತವೆ. ಡಿಟರ್ಜೆಂಟ್ ಮಿತಿಮೀರಿದರೆ ಜಿಂಕ್ ಕೂರಬೇಕಾದ ಜಾಗವನ್ನು ಅದು ಆಕ್ರಮಿಸೀತು. ಜಿಂಕ್ ಹೆಚ್ಚಾಯಿತೋ, ಅದರೊಡನೆ ಇರುವ ರಂಜಕ ಹೊಗೆಯ ಮೂಲಕ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಹೊಕ್ಕು ಅದರ ಶಕ್ತಿಯನ್ನು ಕುಂದಿಸುತ್ತದೆ. ಆ ಕಾರಣಕ್ಕೇ ಈಗಿನ ತೆಳು ಎಣ್ಣೆಗಳಲ್ಲಿ ರಂಜಕ ಶೇಕಡ 0.08ನ್ನು ಮೀರಕೂಡದೆಂದು ಕಟ್ಟಳೆ ಮಾಡಿದ್ದಾರೆ. ಎಣ್ಣೆ ಮಾಡುವವನು ವರ್ಷಗಟ್ಟಲೆ ಎಂಜಿನ್ನುಗಳನ್ನು ಓಡಿಸಿ, ಬಿಚ್ಚಿ, ಅಳೆದು ಕೂಡಿಸಿದ ಪಾಕ ಅದು. ಅದರ ಮೇಲೆ, ಒಳಗೇನಿದೆಯೆಂದು ಹೊರಗೆ ಬರೆಯದ ಬಾಟ್ಲಿಯೊಂದನ್ನು ನಾವು ಸುರಿಯುವುದು ಯಾವ ಧೈರ್ಯದಿಂದ?

ಮಾಸ್ಟರು: ಆದರೆ ಲೋಕದಲ್ಲಿ ಇಷ್ಟು ಜನ ಕೊಳ್ಳುತ್ತಾರೆ. ಎಲ್ಲರೂ ಮೂಢರೆಂದು ಹೇಳುವುದು ವಿನಯವಲ್ಲ.

ಯಂತ್ರಜ್ಞ: ಪುಸ್ತಕ ಓದುವ ಚಟ ನಿಮಗೊಬ್ಬರಿಗೇ ಇರುವುದಲ್ಲ, ಮಾಸ್ಟ್ರೇ, ಇದನ್ನೂ ಕೇಳಿ. ಅಮೆರಿಕದಲ್ಲಿ ಸ್ಲಿಕ್ 50 ಎಂಬುದೊಂದು ಮದ್ದು ಅಪಾರವಾಗಿ ಮಾರಾಟವಾಗುತ್ತಿತ್ತು. ದೋಸೆಯ ಕಾವಲಿಗೆ ಬಳಿಯುವ ಟೆಫ್ಲಾನಿನ ಜಾತಿಯ ಪುಡಿ ಅದರಲ್ಲಿತ್ತು. ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಸಾಮಾನ್ಯ ಎಣ್ಣೆಯಿಂದ ರಕ್ಷಣೆಯಿಲ್ಲವೆಂದೂ, ತಮ್ಮ ಮದ್ದು ಸವೆತವನ್ನು ಅರ್ಧಕ್ಕೆ ಇಳಿಸುವುದೆಂದೂ ಜಾಹೀರಾತು ಕೊಟ್ಟರು. 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಈ ಮಾತುಗಳಿಗೆ ಆಧಾರವಿಲ್ಲವೆಂದು ಆರೋಪ ಹೊರಿಸಿತು; ಮರುವರ್ಷ ಅವರು ಅಂಥ ಘೋಷಣೆಗಳನ್ನು ಕೈಬಿಡಲು ಒಪ್ಪಬೇಕಾಯಿತು. ಕೊಂಡ ಜನ ಮೂಢರಾಗಿರಲಿಲ್ಲ. ಹೊಯ್ದ ಮೇಲೆ ಎಂಜಿನ್ ನಯವಾಯಿತೆಂದು ಅವರಿಗೆ ನಿಜವಾಗಿಯೂ ತೋರಿರಬೇಕು. ಹಣ ಕೊಟ್ಟವನ ಕಿವಿಗೆ ಸದ್ದು ಕಡಮೆಯಾಗಿಯೇ ಕೇಳುತ್ತದೆ.

ಮಾಸ್ಟರು: ನಿಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಸದ್ದು ನಿಜವಾಗಿ ಇಳಿದುದನ್ನು ಕಂಡಿದ್ದೀರಾ?

ಯಂತ್ರಜ್ಞ: ಕಂಡಿದ್ದೇನೆ, ಮತ್ತು ಅದೇ ಭಯ. ಎಣ್ಣೆಯನ್ನು ದಪ್ಪಮಾಡುವ ಜೇನಿನಂಥ ದ್ರವವೊಂದು ಸಿಗುತ್ತದೆ. ರಿಂಗ್ ಸವೆದು ಹೊಗೆ ಬಿಡುವ, ಬೇರಿಂಗ್ ಬಡಿಯುವ ಹಳೆಯ ಗಾಡಿಗೆ ಅದನ್ನು ಹೊಯ್ದರೆ ಹೊಗೆಯೂ ಸದ್ದೂ ಕೆಲವು ದಿನ ಅಡಗುತ್ತವೆ. ಆ ಕೆಲವು ದಿನಗಳಲ್ಲಿಯೇ ಆ ಗಾಡಿ ಮಾರಾಟವಾಗುತ್ತದೆ. ಹಳೆಯ ಕಾರು ಕೊಳ್ಳುವವನು ತಣ್ಣಗಿನ ಎಂಜಿನ್ನಿನ ಡಿಪ್‌ಸ್ಟಿಕ್ ಎಳೆದು, ಎಣ್ಣೆ ಹನಿಯಾಗಿ ಇಳಿಯುವುದೋ ನೂಲಾಗಿ ಜೋತಾಡುವುದೋ ಎಂದು ನೋಡುವುದೊಳ್ಳೆಯದು.

(ಇಲ್ಲಿ ಮಾಸ್ಟರು ಎರಡನೆಯ ಬಾಟ್ಲಿಯನ್ನು ಮೇಜಿನ ಮೇಲಿಟ್ಟು, ಮೊದಲನೆಯದನ್ನು ಚೀಲಕ್ಕೆ ಹಿಂದಿರುಗಿಸಿದರು. ವಾದದಲ್ಲಿ ಸೋತುದನ್ನು ಬಾಯಿಂದ ಒಪ್ಪುವ ಅಭ್ಯಾಸ ಅವರಿಗಿರಲಿಲ್ಲವೆಂದು ಕಾಣುತ್ತದೆ.)

ಮಾಸ್ಟರು: ಎಣ್ಣೆಯ ವಿಷಯ ಸಾಕು. ಪೆಟ್ರೋಲಿನ ವಿಷಯದಲ್ಲಿ ನಿಮ್ಮ ನ್ಯಾಯವೇ ನಡೆಯುವುದಾದರೆ, ಅದರಲ್ಲಿಯೂ ಮದ್ದು ಮೊದಲೇ ಬೆರೆತಿರಬೇಕಷ್ಟೆ.

ಯಂತ್ರಜ್ಞ: ಬೆರೆತಿರುತ್ತದೆ, ಆದರೆ ಎಲ್ಲೆಲ್ಲಿಯೂ ಒಂದೇ ಪ್ರಮಾಣದಲ್ಲಲ್ಲ. ಅಮೆರಿಕದಲ್ಲಿ 1995ರ ಜನವರಿ 1ರಿಂದ ಪ್ರತಿಯೊಂದು ಹನಿ ಪೆಟ್ರೋಲಿನಲ್ಲಿಯೂ ಕೆಸರು ತಡೆಯುವ ಡಿಟರ್ಜೆಂಟ್ ಇರಲೇಬೇಕೆಂದು ಕಾನೂನು ಮಾಡಿದರು. ನಮ್ಮಲ್ಲಿ ಸ್ಪೀಡ್, ಪವರ್, ಎಕ್ಸ್‌ಪಿ 95 ಎಂದು ಬಂಕುಗಳಲ್ಲಿ ಹೆಚ್ಚು ದರಕ್ಕೆ ಮಾರುವ ಪೆಟ್ರೋಲಿನಲ್ಲಿ ಇಂಥ ದ್ರವ್ಯ ಸೇರಿರುತ್ತದೆ. ಪೆಟ್ರೋಲಿಗೆ ಮದ್ದು ಬೆರೆಸುವುದನ್ನು ನಾನು ಅನಿಷ್ಟವೆನ್ನುವುದಿಲ್ಲ. ಎಂಥ ಮದ್ದು ಎಂಬುದಷ್ಟೇ ಪ್ರಶ್ನೆ.

ಮಾಸ್ಟರು: ಒಂದು ಕಾಲಕ್ಕೆ ಸೀಸವನ್ನೇ ಬೆರೆಸುತ್ತಿದ್ದರೆಂದು ಕೇಳಿದ್ದೇನೆ.

ಯಂತ್ರಜ್ಞ: ಅದು ಅಡಿಟಿವ್‌ಗಳ ಇತಿಹಾಸದಲ್ಲೆಲ್ಲ ದೊಡ್ಡ ಕಥೆ. ಎಂಜಿನ್ನಿನ ಬಡಿತ ನಿಲ್ಲಿಸುವುದಕ್ಕೆಂದು 1921ರಲ್ಲಿ ಮಿಜ್ಲಿ ಎಂಬಾತ ಅದರ ಗುಣವನ್ನು ಕಂಡುಹಿಡಿದ. 1923ರಲ್ಲಿ ಮಾರಾಟಕ್ಕೆ ಬಂತು. ಬಡಿತವೇನೋ ನಿಂತಿತು. ಆದರೆ ಉರಿದ ಸೀಸ ಪ್ಲಗ್ಗಿಗೂ ವಾಲ್ವಿಗೂ ಹತ್ತಿಕೊಂಡಿತು. ಆ ಸೀಸವನ್ನು ಹೊರದೂಡುವುದಕ್ಕೆಂದು ಬ್ರೋಮಿನ್ನಿನ ಮತ್ತೊಂದು ದ್ರವ್ಯವನ್ನು ಬೆರೆಸಿದರು. ಅದರಿಂದ ಸೀಸ ಎಂಜಿನ್ನನ್ನು ಬಿಟ್ಟು ಗಾಳಿಗೆ ಬಂದು ಮಕ್ಕಳ ರಕ್ತವನ್ನು ಸೇರಿತು. ನಮ್ಮ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿ 1ರಿಂದ. ಲೋಕದ ಕೊನೆಯ ದೇಶವಾಗಿ ಅಲ್ಜೀರಿಯ ಸೀಸದ ಪೆಟ್ರೋಲನ್ನು ಕೈಬಿಟ್ಟದ್ದು 2021ರಲ್ಲಿ. ನೂರು ವರ್ಷ! ಒಂದು ಮದ್ದಿಗೆ ಇನ್ನೊಂದು ಮದ್ದನ್ನು ಕೂಡಿಸುವವರನ್ನು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಮಾಸ್ಟರು: ನನ್ನ ತಂದೆಯವರು ಮಹಾಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸುಗಳ ಕಥೆ ಹೇಳುತ್ತಿದ್ದರು. ಪೆಟ್ರೋಲಿಗೆ ರೇಷನ್ ಬಂದ ಆ ದಿನಗಳಲ್ಲಿ, ಬಸ್ಸಿನ ಹಿಂದೆ ಕಟ್ಟಿದ ದೊಡ್ಡ ಕೊಳವೆಯಂಥ ಒಲೆಯಲ್ಲಿ ಇದ್ದಿಲು ತುಂಬಿ, ಹೊರಡುವುದಕ್ಕೆ ಬಹಳ ಹೊತ್ತು ಮೊದಲೇ ಗಾಳಿಯಂತ್ರವನ್ನು ಕೈಯಿಂದ ತಿರುಗಿಸುತ್ತ ಕಿಲೀನರನು ನಿಲ್ಲಬೇಕಾಗಿತ್ತಂತೆ.

ಯಂತ್ರಜ್ಞ: ಆ ಎಂಜಿನ್ನುಗಳೊಳಗೆ ಬೂದಿಯೂ ಟಾರೂ ಹೊಕ್ಕು ವಾಲ್ವುಗಳು ಅಂಟಿಕೊಳ್ಳುತ್ತಿದ್ದವು; ಬಿಚ್ಚಿ ಕೆರೆಯುವುದೇ ಅವುಗಳಿಗಿದ್ದ ಚಿಕಿತ್ಸೆ. ಕೊಡೇರಿಯಲ್ಲಿ ನಾಡದೋಣಿಯವರನ್ನು ಈಗಲೂ ನೋಡಿ: ಪೆಟ್ರೋಲಿನಲ್ಲಿ ಹೊರಡಿಸಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಔಟ್‌ಬೋರ್ಡ್ ಎಂಜಿನ್ನಿನಲ್ಲಿ, ಇಂಧನದೊಡನೆಯೇ ಆಯಿಲೂ ಉರಿಯುವುದರಿಂದ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಅವರು ಯಾವ ಬಾಟ್ಲಿಯನ್ನೂ ಹುಡುಕುವುದಿಲ್ಲ. ಪ್ಲಗ್ ಬಿಚ್ಚುತ್ತಾರೆ, ಉಪ್ಪುಕಾಗದದಲ್ಲಿ ತಿಕ್ಕುತ್ತಾರೆ, ಹಾಕುತ್ತಾರೆ. ಕೊಳೆ ಎಲ್ಲಿದೆಯೆಂದು ಅವರಿಗೆ ಗೊತ್ತು, ಅಲ್ಲಿಗೆ ಕೈಯೂ ಹೋಗುತ್ತದೆ. ಕಾರಿನವರ ತೊಂದರೆಯೆಂದರೆ, ಕೊಳೆ ಎಲ್ಲಿದೆಯೆಂದು ನೋಡದೆಯೇ ತೊಳೆಯಲು ಹೊರಡುತ್ತಾರೆ. ಮದ್ದು ದ್ರವವಾದುದರಿಂದ ಅದು ತಾನು ಹರಿಯುವ ದಾರಿಯನ್ನಷ್ಟೇ ತೊಳೆದೀತು. ಹರಿಯದ ಕಡೆಯ ಕೊಳೆ, ಬಾಟ್ಲಿ ಎಷ್ಟು ದುಬಾರಿಯಾದರೂ, ಇದ್ದಲ್ಲಿಯೇ ಇರುತ್ತದೆ.

ಮಾಸ್ಟರು: ಆ ದಾರಿಯನ್ನು ಸ್ವಲ್ಪ ವಿಸ್ತರಿಸಿ ಹೇಳಿ. ಇದು ನನಗೆ ಹೊಸದು.

ಯಂತ್ರಜ್ಞ: ನಿಮ್ಮ ಕಾರಿನದನ್ನೇ ಹೇಳುತ್ತೇನೆ. ಟ್ಯಾಂಕಿನ ಪಂಪಿನಿಂದ ಹೊರಟ ಪೆಟ್ರೋಲ್ ಫಿಲ್ಟರನ್ನು ದಾಟಿ, ಇಂಜೆಕ್ಟರಿನ ಕೂದಲೆಳೆಯಂಥ ರಂಧ್ರಗಳಿಂದ ಸಿಂಪಡಿಕೆಯಾಗಿ, ಗಾಳಿ ಒಳಬರುವ ವಾಲ್ವಿನ ಬೆನ್ನಿನ ಮೇಲೆ ಬಿದ್ದು, ಅಲ್ಲಿಂದ ಗಾಳಿಯೊಡನೆ ಉರಿಯುವ ಕೋಣೆಯನ್ನು ಸೇರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಇಂಜೆಕ್ಟರಿನ ತುದಿಯಲ್ಲಿ ಉಳಿದ ಹನಿ ಆ ಶಾಖದಲ್ಲಿ ಬೆಂದು ಅರಗಿನಂತಾಗುತ್ತದೆ. ಸಣ್ಣ ಸಣ್ಣ ಓಟದ ಕಾರುಗಳಲ್ಲಿ ಇದು ಹೆಚ್ಚು. ಸಿಂಪಡಿಕೆ ಕೆಟ್ಟಿತೆಂದರೆ ಬೆಳಗಿನ ಸ್ಟಾರ್ಟಿಂಗ್ ತಡ, ಐಡಲ್‌ನಲ್ಲಿ ನಡುಕ, ಪಿಕ್‌ಅಪ್ ಮಂದ. ಪಾಲಿಈಥರ್ ಅಮೈನ್ ಎಂಬ ಡಿಟರ್ಜೆಂಟ್ ಸಾಕಷ್ಟು ಪ್ರಮಾಣದಲ್ಲಿರುವ ಬಾಟ್ಲಿಯಾದರೆ, ಅದು ಈ ದಾರಿಯುದ್ದಕ್ಕೂ ಪೆಟ್ರೋಲಿನೊಡನೆ ಹೋಗಿ ಇಂಜೆಕ್ಟರಿನ ತುದಿಯನ್ನೂ ವಾಲ್ವಿನ ಬೆನ್ನನ್ನೂ ತಕ್ಕಮಟ್ಟಿಗೆ ತೊಳೆಯುತ್ತದೆ; ಶಾಖವನ್ನು ತಾಳಿ ಉರಿಯುವ ಕೋಣೆಯಲ್ಲಿಯೂ ಸ್ವಲ್ಪ ಕೆಲಸ ಮಾಡುತ್ತದೆ. ಇದು ನಾನು ಕಣ್ಣಾರೆ ಕಂಡದ್ದು; ಜಾಹೀರಾತಿನ ಮಾತಲ್ಲ. ಆದರೆ ಮೈಲೇಜ್ ಕಳೆದುಕೊಂಡಿದ್ದ ಕಾರು ಅದನ್ನು ಮರಳಿ ಪಡೆದೀತೇ ಹೊರತು, ಕಳೆದುಕೊಳ್ಳದ ಕಾರಿಗೆ ಹೊಸದಾಗಿ ಏನೂ ಬಾರದು.

ಮಾಸ್ಟರು: ಬೊಂಬಾಯಿಯ ಅಳಿಯನ ಹೊಸ ಟರ್ಬೊ ಕಾರಿಗೂ ಇದೇ ಸಾಕೆ?

ಯಂತ್ರಜ್ಞ: ಅದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರೆ ಅದರ ದಾರಿಯೇ ಬೇರೆ. ಅದರಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ. ನೇರವಾಗಿ ಉರಿಯುವ ಕೋಣೆಗೇ ಚಿಮ್ಮುತ್ತದೆ. ಕೆಳಗಿನಿಂದ ಏರಿಬರುವ ಎಣ್ಣೆಯ ಆವಿ ವಾಲ್ವಿನ ಮೇಲೆ ಕಪ್ಪಗೆ ಬೇಯುತ್ತ ಹೋದರೂ ತೊಳೆಯುವವರಿಲ್ಲ. ಟ್ಯಾಂಕಿಗೆ ನೀವು ಏನನ್ನು ಹೊಯ್ದರೂ ಅದು ಇಂಜೆಕ್ಟರಿಗೆ ಉಪಕಾರ, ವಾಲ್ವಿಗೆ ಶೂನ್ಯ. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಹೊಡೆದು ಆ ಮಸಿಯನ್ನು ಉದುರಿಸುತ್ತಾರೆ.

ಮಾಸ್ಟರು: ಅಕ್ರೋಟು! ನಮ್ಮ ತಾಲೂಕಿನಲ್ಲಿ ಗೇರುಬೀಜದ ಸಿಪ್ಪೆ ರಾಶಿರಾಶಿಯಾಗಿ ಬಿದ್ದಿರುವಾಗ ಕಾಶ್ಮೀರಕ್ಕೆ ಏಕೆ ಹೋಗಬೇಕು?

ಯಂತ್ರಜ್ಞ: ಆ ಸಿಪ್ಪೆಯ ಎಣ್ಣೆ ತಾಗಿದರೆ ಕೈಯ ಚರ್ಮವೇ ಸುಲಿಯುವುದನ್ನು ಫ್ಯಾಕ್ಟರಿಗೆ ಹೋಗುವ ಹೆಂಗಸರನ್ನು ಕೇಳಿ ತಿಳಿಯಿರಿ. ಆದರೂ ನಿಮ್ಮ ಅಭಿಮಾನಕ್ಕೆ ಭಂಗವಿಲ್ಲ. ಗೇರುಬೀಜದ ಎಣ್ಣೆಯಿಂದ ಮಾಡಿದ ರಾಳದ ಪುಡಿಯನ್ನು ಬ್ರೇಕ್ ಲೈನಿಂಗಿನಲ್ಲಿ ಬೆರೆಸುತ್ತಾರೆ. ಕಾರನ್ನು ಓಡಿಸುವುದಕ್ಕಲ್ಲದಿದ್ದರೂ ನಿಲ್ಲಿಸುವುದಕ್ಕೆ ನಮ್ಮೂರಿನ ಗೇರು ಬೇಕಾಯಿತು.

ಮಾಸ್ಟರು: ಡೀಸೆಲಿನ ಗಾಡಿಗಳಿಗೆ?

ಯಂತ್ರಜ್ಞ: ಅದೇ ನ್ಯಾಯ, ಇನ್ನಷ್ಟು ಎಚ್ಚರ. ಫಿಲ್ಟರಿನ ತಳದ ನೀರನ್ನು ಕಾಲಕಾಲಕ್ಕೆ ಬಿಡುವುದು ಯಾವ ಬಾಟ್ಲಿಗಿಂತಲೂ ಮೇಲು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಜಾಲಿಯಿದೆ; ಲೋಹವಿರುವ ಮದ್ದನ್ನು ಎಣ್ಣೆಗೆ ಬೆರೆಸಿದರೆ ಅದರ ಬೂದಿ ಆ ಜಾಲಿಯಲ್ಲಿ ಕೂರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು.

ಮಾಸ್ಟರು: ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರಷ್ಟೆ. ಅದು ನೀರನ್ನು ಹೀರುತ್ತದೆಂದೂ, ಅದಕ್ಕಾಗಿಯೇ ಪ್ರತ್ಯೇಕ ಮದ್ದು ಹೊಯ್ಯಬೇಕೆಂದೂ ಅಂಗಡಿಯವನು ಹೇಳಿದ.

ಯಂತ್ರಜ್ಞ: ಹೀರುವುದು ನಿಜ. ಶೇಕಡ 20 ಎಥನಾಲಿನ ಪೆಟ್ರೋಲ್ ಮಾರಾಟವನ್ನು ಬೆಂಗಳೂರಿನಲ್ಲಿಯೇ 2023ರ ಫೆಬ್ರವರಿ 6ರಂದು ಉದ್ಘಾಟಿಸಿದರು. ಈಗ ನಮ್ಮ ಬಂಕುಗಳಲ್ಲಿ ಬರುವುದು ಅದೇ. ಅಲ್ಪಸ್ವಲ್ಪ ನೀರನ್ನು ಎಥನಾಲ್ ತನ್ನಲ್ಲಿಯೇ ಕರಗಿಸಿಕೊಂಡು ಉರಿದುಹೋಗುತ್ತದೆ. ನೀರು ಮಿತಿಮೀರಿದರೆ ಮಾತ್ರ ಎಥನಾಲನ್ನು ಎಳೆದುಕೊಂಡು ತಳಕ್ಕೆ ಇಳಿಯುತ್ತದೆ, ಪಂಪು ಹೀರುವುದೂ ತಳದಿಂದಲೇ. ಅಂಗಡಿಯಲ್ಲಿ ಸಿಗುವ ನೀರು ತೆಗೆಯುವ ಮದ್ದಿನಲ್ಲಿ ಸಾಮಾನ್ಯವಾಗಿ ಇರುವುದೇನು? ಇನ್ನೊಂದು ಜಾತಿಯ ಆಲ್ಕೊಹಾಲ್. ಐದರಲ್ಲೊಂದು ಪಾಲು ಆಲ್ಕೊಹಾಲೇ ಆಗಿರುವ ಟ್ಯಾಂಕಿಗೆ ಒಂದು ಹಿಡಿ ಆಲ್ಕೊಹಾಲ್ ಹೊಯ್ದು ಏನು ಸಾಧಿಸಿದಂತಾಯಿತು? ಮಳೆಗಾಲದಲ್ಲಿ ಕಾರು ನಿಲ್ಲುವುದಿದ್ದರೆ ಟ್ಯಾಂಕನ್ನು ತುಂಬಿಸಿ ನಿಲ್ಲಿಸಿ. ತೇವದ ಗಾಳಿಗೆ ಒಳಗೆ ಎಡೆಯಿಲ್ಲದಿರಲಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರವಾದ ಅಂಶ ಹಾರಿಹೋಗಿ ಕಾರು ಹೊರಡಲು ಮೊಂಡುಹಿಡಿದರೆ, ಹೊಸ ಪೆಟ್ರೋಲ್ ಹಾಕುವುದೊಂದೇ ಉಪಾಯ. ಹಳೆಯ ಗಾಡಿಗಳ ರಬ್ಬರು ಪೈಪುಗಳನ್ನು ಎಥನಾಲ್ ಮೆತ್ತಗೆ ಮಾಡುವ ಸಂಭವವಿರುವುದರಿಂದ ಅವನ್ನೂ ಬಗ್ಗಿ ನೋಡಬೇಕು.

ಮಾಸ್ಟರು: ಒಂದು ಸಂದೇಹ ಉಳಿಯಿತು. ಆಯಿಲ್ ಬದಲಾಯಿಸುವ ಮೊದಲು ಫ್ಲಶ್ ಎಂಬ ಇನ್ನೊಂದು ದ್ರವವನ್ನು ಹೊಯ್ದು ಒಳಗನ್ನೆಲ್ಲ ತೊಳೆಯುವ ಪದ್ಧತಿಯುಂಟಂತೆ.

ಯಂತ್ರಜ್ಞ: ಕಾಲಕ್ಕೆ ಸರಿಯಾಗಿ ಆಯಿಲ್ ಬದಲಾಯಿಸಿದ ಎಂಜಿನ್ನಿನಲ್ಲಿ ಅದಕ್ಕೆ ಕೆಲಸವಿಲ್ಲ. ಬದಲಾಯಿಸದ ಎಂಜಿನ್ನಿನಲ್ಲಿ ಅದಕ್ಕೆ ಕೆಲಸ ಹೆಚ್ಚಾಗಿ ಅಪಾಯ. ಎಲ್ಲಿಯೋ ಫ್ಲಶ್ ಮಾಡಿಸಿಕೊಂಡು ಬಂದ ಹಳೆಯ ಕಾರೊಂದು ಮರವಂತೆಯಲ್ಲಿ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕೆ ಇರುವ ಆ ರಮ್ಯವಾದ ಜಾಗದಲ್ಲಿಯೇ, ಆಯಿಲಿನ ಕೆಂಪು ದೀಪ ಹತ್ತಿ ನಿಂತಿತು. ಚೇಂಬರ್ ಇಳಿಸಿ ನೋಡಿದರೆ, ಮೂಲೆಗಳಲ್ಲಿ ತನ್ನಷ್ಟಕ್ಕೆ ಕೂತಿದ್ದ ಕರಿಯ ರಾಡಿಯೆಲ್ಲ ಹೆಪ್ಪುಹೆಪ್ಪಾಗಿ ಕಳಚಿ ಬಂದು, ಎಣ್ಣೆ ಹೀರುವ ಪಂಪಿನ ಜಾಲರಿಯನ್ನು ಮುಚ್ಚಿತ್ತು. ಎಂಜಿನ್ ನಿಲ್ಲಿಸದೆ ಇನ್ನು ಒಂದೆರಡು ಮೈಲಿ ಓಡಿಸಿದ್ದರೆ ಬೇರಿಂಗುಗಳು ಹಿಡಿದುಕೊಳ್ಳುತ್ತಿದ್ದವು. ಕೆಸರಾದ ಎಂಜಿನ್ನನ್ನು ನಿಧಾನವಾಗಿ ತೊಳೆಯಬೇಕು. ಒಳ್ಳೆಯ ಎಣ್ಣೆ ಹಾಕಿ, ಎರಡು ಸಾವಿರ ಕಿಲೋಮೀಟರಿಗೇ ಫಿಲ್ಟರಿನೊಡನೆ ಅದನ್ನು ಇಳಿಸಿ, ಮತ್ತೆ ಹಾಗೆಯೇ ಒಂದೆರಡು ಸಲ ಮಾಡಿದರೆ, ಎಣ್ಣೆಯ ಡಿಟರ್ಜೆಂಟೇ ಆ ಕೆಲಸವನ್ನು ಅವಸರವಿಲ್ಲದೆ ಮಾಡುತ್ತದೆ. ಹಣ ಅಷ್ಟೇ ಖರ್ಚಾದೀತು. ಜನರಿಗೆ ಮಾತ್ರ ಒಂದೇ ದಿನದಲ್ಲಿ ಆಗಬೇಕು.

ಮಾಸ್ಟರು: ನನ್ನ ಕಾರಿಗೆ ಈಗ ವಿಧಿಯೇನು?

ಯಂತ್ರಜ್ಞ: ಪೆಟ್ರೋಲಿನ ಬಾಟ್ಲಿಯ ಮೈಮೇಲೆ ಪಾಲಿಈಥರ್ ಅಮೈನ್ ಎಂದು ಬರೆದಿದೆ, ಅದನ್ನು ವ್ಯರ್ಥ ಮಾಡಬೇಡಿ. ಟ್ಯಾಂಕಿಗೆ ಹೊಯ್ದು, ಪೆಟ್ರೋಲ್ ತುಂಬಿಸಿ, ಮನೆಯವರನ್ನು ಕೂರಿಸಿಕೊಂಡು ಕೊಲ್ಲೂರಿಗೋ ಶೃಂಗೇರಿಗೋ ಹೋಗಿಬನ್ನಿ. ಕಾರು ಕಾಯಲಿ, ಒಳಗಿನ ತೇವ ಆರಲಿ, ಇಂಜೆಕ್ಟರೂ ಶುಚಿಯಾಗಲಿ. ತೊಳೆದ ಮದ್ದಿನ ಸ್ವಲ್ಪ ಅಂಶ ರಿಂಗಿನ ಸಂದಿನಿಂದ ಇಳಿದು ಆಯಿಲನ್ನು ಸೇರುವುದರಿಂದ, ಆ ಟ್ಯಾಂಕು ಮುಗಿಯುತ್ತಲೇ ನನ್ನಲ್ಲಿಗೆ ತನ್ನಿ. ಆಯಿಲೂ ಫಿಲ್ಟರೂ ಬದಲಾಯಿಸೋಣ. ಎಣ್ಣೆಯ ಬಾಟ್ಲಿಯನ್ನು ಮಗನಿಗೆ ಹಿಂದಕ್ಕೆ ಕಳುಹಿಸಿ. ವಾರಕ್ಕೊಮ್ಮೆ ಅಂಗಳದಲ್ಲಿ ಎಂಜಿನ್ ಹೊರಡಿಸಿ ಐದು ನಿಮಿಷ ಬಿಟ್ಟು ನಿಲ್ಲಿಸುತ್ತೀರಲ್ಲ, ಅದನ್ನು ಮೊದಲು ನಿಲ್ಲಿಸಿ. ಅದರಿಂದ ನೀರು ಹುಟ್ಟುವುದಷ್ಟೇ ಹೊರತು ಆರುವುದಿಲ್ಲ.

ಮಾಸ್ಟರು: ಇಳಿಸಿದ ಆ ಮೂರು ಲೀಟರು ಎಣ್ಣೆಯನ್ನು ನನಗೇ ಕೊಡಿ. ಬೇಲಿಯ ಗೂಟಗಳಿಗೆ ಗೆದ್ದಲು ಹತ್ತಿದೆ, ಬಳಿಯಬೇಕು.

ಯಂತ್ರಜ್ಞ: ಅದನ್ನು ಕೊಡುವುದಿಲ್ಲ, ಮಾಸ್ಟ್ರೇ. ಹಿಂದೆ ಎಲ್ಲರಿಗೂ ಕೊಡುತ್ತಿದ್ದೆವು. ಅದರಲ್ಲಿರುವ ಲೋಹವೂ ಮಸಿಯೂ ಮೊದಲ ಮಳೆಗೇ ಗೂಟದಿಂದ ಇಳಿದು ಹೋಗುವುದು ಎಲ್ಲಿಗೆ? ನಿಮ್ಮ ಬೇಲಿಗೂ ಬಾವಿಗೂ ನಡುವೆ ಹತ್ತು ಮಾರು ದೂರವಿಲ್ಲ, ನೆಲವೆಲ್ಲ ಮರಳು. ಬ್ಯಾರೆಲ್ಲಿನಲ್ಲಿ ತುಂಬಿಡುತ್ತೇನೆ, ಶುದ್ಧಿಮಾಡುವ ಕಾರ್ಖಾನೆಯವರು ಬಂದು ಕೊಂಡುಹೋಗುತ್ತಾರೆ.

ಮಾಸ್ಟರು: ಗೂಟದ ಗತಿ?

ಯಂತ್ರಜ್ಞ: ಗೇರುಬೀಜದ ಎಣ್ಣೆ ತಂದು ಬಳಿಸಿ. ಹಿಂದೆ ದೋಣಿಗೂ ಬಲೆಗೂ ಅದನ್ನೇ ಬಳಿಯುತ್ತಿದ್ದರು. ಬಳಿಯುವವನ ಕೈಗೆ ಮೊದಲು ತೆಂಗಿನೆಣ್ಣೆ ಹಚ್ಚಿಸುವುದನ್ನು ಮರೆಯಬೇಡಿ.